ಮಾನಮೋಡಿ ಬ್ಯಾನಿ ಮತ್ತು ಮೆಣಸಿನ ಕಷಾಯ

ನೆಗಡಿ ಬಂದ್ರ ಅಲ್ಲ, ಮೆಣಸು, ತುಳಸಿ ಕುದಿಸಿ ಕಷಾಯ ಕುಡಿಯೋದು ನಮ್ಮ ಸೊಲ್ಲಾಪುರ ಸೀಮೆಯ ಹಳೇ ರೂಢಿ. ಇಂಥ ಮನೆಮದ್ದಿಗೆ ದೊಡ್ಡ ಪರೀಕ್ಷೆ ಬಂದದ್ದು 1918ರಾಗ.

ಮೊದಲನೇ ಮಹಾಯುದ್ಧ ಮುಗಿಯೋ ವರ್ಷ ಅದು. ಜೂನ್ ತಿಂಗಳದಾಗ ಫ್ಲೂ ಜ್ವರ ಬಂದರದಿಂದ ಮುಂಬಯಿ ಊರೊಳಗ ಹೊಕ್ಕಿತು, ಅಲ್ಲಿಂದ ರೈಲು ಹತ್ತಿ ದೇಶ ತುಂಬಿತು. ಮುಂಬಯಿ–ಮದ್ರಾಸ್ ರೈಲು ಹಾದಿ ನಮ್ಮ ಸೊಲ್ಲಾಪುರದ ಮ್ಯಾಲೇ ಹೋಗ್ತದ. ಮರಾಠಿ ಮಂದಿ ಇದಕ್ಕ ‘ಮಾನಮೋಡಿ’ ಅಂದ್ರು, ಅಂದರೆ ಕುತ್ತಿಗೆ ಮುರಿಯೋ ರೋಗ. ಸೆಪ್ಟೆಂಬರದಾಗ ಎರಡನೇ ಸಲ ಎದ್ದಾಗ ಭಾಳ ಘೋರ ಆತು. ಆ ವರ್ಷ ಮಳೆನೂ ಕೈಕೊಟ್ಟಿತ್ತು. ದೇಶದಾಗ ಒಂದು ಕೋಟಿಗಿಂತ ಹೆಚ್ಚು ಜನ ಸತ್ತರು. 20ರಿಂದ 40 ವಯಸ್ಸಿನ ದುಡಿಯೋ ಮಂದಿನೇ ಬಹಳ.

ಆಗ ಡಾಕ್ಟರರ ಹತ್ರಾನೂ ಇದಕ್ಕ ಔಷಧ ಇರಲಿಲ್ಲ. ಮನುಷ್ಯರ ಫ್ಲೂ ವೈರಸ್ ಗೊತ್ತಾದದ್ದೇ 1933ರಾಗ. ಕಷಾಯ ಗಂಟಲಿಗೆ ಹಿತ. ವೈರಸ್ ಕೊಲ್ಲೋ ಶಕ್ತಿ ಅದಕ್ಕಿಲ್ಲ. ಮನಿಮಂದಿ ಎಲ್ಲಾರೂ ಹಾಸಿಗಿ ಹಿಡಿದಲ್ಲಿ ಗಂಜಿ ಕಾಸೋರೇ ಇರಲಿಲ್ಲ.

ಅದಕ್ಕ, ಕಷಾಯ ಕುಡೀರಿ. ಜ್ವರದವರನ್ನ ಗಾಳಿ ಆಡೋ ಕಡೆ ಬ್ಯಾರೆ ಮಲಗಿಸ್ರಿ, ಗಂಜಿ-ನೀರು ಕೊಡ್ರಿ, ಕೈ ತೊಳಕೊಳ್ರಿ. ನೆರೆಮನಿ ಬಾಗಿಲು ಮುಚ್ಚಿದ್ರ ಕೂಗಿ ಕೇಳ್ರಿ. ಉಸಿರು ಹತ್ತಿದ್ರ ತಡ ಮಾಡದೆ ದವಾಖಾನಿಗೆ ಒಯ್ರಿ.