ಹುಟ್ಟಿದ ವರ್ಷ ಗೊತ್ತಿರೋ ಜಾನಪದ

ಎರಡು ದೇಶಗಳು ತಮ್ಮ ಸ್ನೇಹವನ್ನು ಜಗತ್ತಿಗೆ ತೋರಿಸಬೇಕು ಅಂದಾಗ ಏನು ಮಾಡ್ತವೆ? ನಾಯಕರು ಕೈ ಕುಲುಕ್ತಾರೆ, ಒಪ್ಪಂದಗಳಿಗೆ ಸಹಿ ಹಾಕ್ತಾರೆ, ಕ್ಯಾಮೆರಾ ಮುಂದೆ ನಗ್ತಾರೆ. ಕೆಲವೊಮ್ಮೆ ಒಂದು ಅಂಚೆಚೀಟಿಯನ್ನೂ ತರ್ತಾರೆ. 2017ರಲ್ಲಿ ಭಾರತ ಮತ್ತು ರಷ್ಯಾ ಮಾಡಿದ್ದೂ ಅದನ್ನೇ. ರಾಜತಾಂತ್ರಿಕ ಸಂಬಂಧಕ್ಕೆ 70 ವರ್ಷ ತುಂಬಿದ ನೆನಪಿಗೆ ಜಂಟಿ ಅಂಚೆಚೀಟಿಗಳು ಬಂದವು. ನಮ್ಮ ಕಡೆಯಿಂದ ರಾಜಸ್ಥಾನದ ಭವಾಯಿ, ತಲೆ ಮೇಲೆ ಕೊಡ ಪೇರಿಸಿಕೊಂಡು ಕುಣಿಯೋ ನೃತ್ಯ. ಅವರ ಕಡೆಯಿಂದ ಬೆರ್ಯೋಜ್ಕಾ.

ಬೆರ್ಯೋಜ್ಕಾ ಅಂದ್ರೆ ಪುಟ್ಟ ಬರ್ಚ್ ಮರ. ನಮ್ಮ ಹಿರಿಯರು ತೊಗಟೆ ಮೇಲೆ ಬರೀತಿದ್ದ ಭೂರ್ಜಪತ್ರ ನೆನಪಿದೆಯಲ್ಲ? ಅದೇ ಜಾತಿಯ ಮರ. ಸಂಸ್ಕೃತದ ಭೂರ್ಜ, ರಷ್ಯನ್ನಿನ ಬೆರ್ಯೋಜಾ, ಇಂಗ್ಲಿಷಿನ ಬರ್ಚ್, ಮೂರೂ ಒಂದೇ ಬೇರಿನಿಂದ ಬಂದ ಪದಗಳು ಅಂತಾರೆ ಭಾಷಾಶಾಸ್ತ್ರಜ್ಞರು.

ಈ ನೃತ್ಯದ ವಿಡಿಯೊ ಒಮ್ಮೆ ನೋಡಿ. ನೆಲ ಮುಟ್ಟೋ ಉದ್ದದ ಉಡುಪು ತೊಟ್ಟ ಹೆಣ್ಣುಮಕ್ಕಳು, ಕೈಯಲ್ಲಿ ಬರ್ಚ್ ಟೊಂಗೆ. ಅವರು ನಡೆಯೋದೇ ಇಲ್ಲ, ತೇಲ್ತಾರೆ! ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾರಾ ಅಂತ ಅನುಮಾನ ಬರುತ್ತೆ. ಎಂಜಿನಿಯರಿಂಗ್ ಓದಿದ ನನ್ನ ಕಣ್ಣಿಗೆ ಇದು ಶುದ್ಧ ಮೆಕ್ಯಾನಿಕ್ಸ್. ನಾವು ನಡೆಯುವಾಗ ಪ್ರತಿ ಹೆಜ್ಜೆಗೂ ದೇಹ ಸ್ವಲ್ಪ ಏರುತ್ತೆ, ಇಳಿಯುತ್ತೆ. ಇವರು ಮಂಡಿ ಸಡಿಲ ಬಿಟ್ಟು, ಪುಟ್ಟ ಪುಟ್ಟ ಹೆಜ್ಜೆ ಇಟ್ಟು, ಆ ಏರಿಳಿತವನ್ನೇ ಅಳಿಸಿಹಾಕ್ತಾರೆ. ಹೆಜ್ಜೆಗಳನ್ನ ಉಡುಪು ಮುಚ್ಚಿಡುತ್ತೆ. ಉಳಿಯೋದು ತೇಲಾಟ ಮಾತ್ರ.

ಇಷ್ಟೆಲ್ಲ ನೋಡಿದ ಮೇಲೆ ನೀವೂ ಅಂದುಕೊಳ್ತೀರಿ: ಇದು ಎಷ್ಟು ಶತಮಾನಗಳ ಹಳೆಯ ನೃತ್ಯವೋ ಏನೋ!

ಅಸಲಿ ಕಥೆ ಶುರುವಾಗೋದೇ ಇಲ್ಲಿ. ಬೆರ್ಯೋಜ್ಕಾ ಹುಟ್ಟಿದ್ದು 1948ರಲ್ಲಿ. ಅಂದ್ರೆ ಸ್ವತಂತ್ರ ಭಾರತಕ್ಕಿಂತ ಒಂದು ವರ್ಷ ಚಿಕ್ಕದು! ಅದನ್ನ ಕಟ್ಟಿದಾಕೆ ನದೆಜ್ದಾ ನದೆಜ್ದಿನಾ, ಮಾಸ್ಕೋದ ಬೊಲ್ಶೊಯ್ ಥಿಯೇಟರಿನಲ್ಲಿ ಬ್ಯಾಲೆ ಮಾಡಿದ ಕಲಾವಿದೆ. ಮೊದಲ ಪ್ರದರ್ಶನ ಮಾಸ್ಕೋದ ಎರ್ಮಿತಾಜ್ ಉದ್ಯಾನದಲ್ಲಿ. ಕುಣಿದವರು ಕಲೀನಿನ್ ಪ್ರಾಂತ್ಯದ, ಅಂದ್ರೆ ಇವತ್ತಿನ ತ್ವೇರ್ ಪ್ರಾಂತ್ಯದ, ಸಾಮೂಹಿಕ ಕೃಷಿ ಕ್ಷೇತ್ರಗಳ ಹೆಣ್ಣುಮಕ್ಕಳು.

ಆ ಕಾಲ ಹೇಗಿತ್ತು? ಎರಡನೇ ಮಹಾಯುದ್ಧ ಮುಗಿದು ಬರೀ ಮೂರು ವರ್ಷ. ಸುಮಾರು 2 ಕೋಟಿ 70 ಲಕ್ಷ ಸೋವಿಯತ್ ಜನ ಸತ್ತಿದ್ರು. ಎಷ್ಟೋ ಹಳ್ಳಿಗಳಲ್ಲಿ ದುಡಿಯೋ ಗಂಡಸರೇ ಉಳಿದಿರಲಿಲ್ಲ. ಅದೇ 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟ್ ಪಕ್ಷ ಶೋಸ್ತಕೋವಿಚ್, ಪ್ರೊಕೋಫಿಯೆವ್ ಅವರಂಥ ಸಂಗೀತಗಾರರ ಮೇಲೆ ಹರಿಹಾಯ್ದಿತ್ತು. ನಿಮ್ಮ ಸಂಗೀತ ಜನರಿಗೆ ದೂರ ಅನ್ನೋದು ಆರೋಪ. ಸ್ಟಾಲಿನ್ ಕಾಲದಲ್ಲಿ ಜಾನಪದ ಅನ್ನೋದು ಕಲಾವಿದರಿಗೆ ಸುರಕ್ಷಿತ ದಾರಿಯೂ ಆಗಿತ್ತು.

ಹಾಗಾದ್ರೆ ಇದು ನಕಲಿ ಜಾನಪದಾನಾ? ಆತುರ ಬೇಡ. ನದೆಜ್ದಿನಾ ಗಾಳಿಯಿಂದ ಏನನ್ನೂ ಹುಟ್ಟಿಸಲಿಲ್ಲ. ರಷ್ಯಾದ ಹಳ್ಳಿಗಳಲ್ಲಿ ಬೇಸಿಗೆಯ ಆರಂಭದಲ್ಲಿ, ಟ್ರಿನಿಟಿ ಹಬ್ಬದ ಹೊತ್ತಿಗೆ, ಹುಡುಗಿಯರು ಬರ್ಚ್ ಮರಕ್ಕೆ ರಿಬ್ಬನ್ ಕಟ್ಟಿ ಸುತ್ತಲೂ ಕುಣೀತಿದ್ರು. ಕೈ ಕೈ ಹಿಡಿದು ವೃತ್ತದಲ್ಲಿ ಕುಣಿಯೋ ಆ ಬಗೆಗೆ ಖೊರೊವೋದ್ ಅಂತ ಹೆಸರು. ಹಳ್ಳಿಯ ಬಯಲಿನ ಆ ವೃತ್ತವನ್ನ ಈಕೆ ವೇದಿಕೆಗೆ ತಂದ್ರು, ಬ್ಯಾಲೆಯ ಶಿಸ್ತಿನಲ್ಲಿ ಮತ್ತೆ ಕಟ್ಟಿದ್ರು. ನೂಲು ಹಳ್ಳಿಯದ್ದು, ನೇಯ್ಗೆ ಆಕೆಯದ್ದು.

ನನ್ನ ತಕರಾರು ಇರೋದು ‘ಸಾಂಪ್ರದಾಯಿಕ’ ಅನ್ನೋ ಹಣೆಪಟ್ಟಿ ಬಗ್ಗೆ. ಆ ಪದ ಅಂಟಿಸಿದ ಕೂಡಲೇ ಕಲೆಗೆ ವಯಸ್ಸು ಸಿಗುತ್ತೆ, ಗೌರವ ಸಿಗುತ್ತೆ. ಆದ್ರೆ ಕಟ್ಟಿದವರ ಹೆಸರು ಅಳಿಸಿಹೋಗುತ್ತೆ. ರಷ್ಯಾದಲ್ಲಿ ಆ ತಂಡ ಇವತ್ತಿಗೂ ನದೆಜ್ದಿನಾ ಹೆಸರನ್ನ ಹೊತ್ತಿದೆ. ಆದ್ರೆ ಹೊರಗಿನವರ ಪಾಲಿಗೆ ಬೆರ್ಯೋಜ್ಕಾ ಅಂದ್ರೆ ‘ರಷ್ಯಾದ ಜಾನಪದ ನೃತ್ಯ’, ಅಷ್ಟೇ. ಟಿವಿ ಪರದೆಯ ಕೆಳಗೆ ‘ಸಾವಿರಾರು ವರ್ಷಗಳ ಪರಂಪರೆ’ ಅನ್ನೋ ಸಾಲು ಓಡುವಾಗಲೂ ಆಗೋದು ಇದೇ.

ಪರಂಪರೆ ತನ್ನಷ್ಟಕ್ಕೆ ತಾನೇ ನಡ್ಕೊಂಡು ಬರಲ್ಲ, ವೀಕ್ಷಕರೇ. ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಅದನ್ನ ಕೈಗೆತ್ತಿಕೊಂಡು, ತಿದ್ದಿ, ಹೊಸದು ಸೇರಿಸಿ ಮುಂದೆ ದಾಟಿಸಿರ್ತಾರೆ. ಮುಂದಿನ ಸಲ ಯಾರಾದ್ರೂ ‘ಇದು ನಮ್ಮ ಪ್ರಾಚೀನ ಕಲೆ’ ಅಂದಾಗ ಹೆಮ್ಮೆಪಡಿ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿ: ಕಟ್ಟಿದವರು ಯಾರು?