ಯುರೋಪು ಚರೆಕೋವಿಯನ್ನೇ ಯಾಕೆ ಹಿಡಿಯಿತು?

ಇಟಲಿಯ ಬ್ರೆಶಾದಿಂದ ಉತ್ತರಕ್ಕೆ ಮೆಲ್ಲಾ ನದಿಯ ಕಣಿವೆ ಹಿಡಿದು ಹೋದರೆ ಗಾರ್ಡೋನೆ ಎಂಬ ಊರು ಸಿಗುತ್ತದೆ. ಬೆಟ್ಟದಲ್ಲಿ ಕಬ್ಬಿಣದ ಅದಿರು, ಇದ್ದಿಲಿಗೆ ಕಾಡು, ಕುಲುಮೆಯ ಸುತ್ತಿಗೆ ಎತ್ತಲು ಹೊಳೆಯ ನೀರು, ಮೂರೂ ಅಲ್ಲಿದ್ದವು. 1526ರಲ್ಲಿ ಬಾರ್ತೊಲೊಮಿಯೊ ಬೆರೆಟ್ಟಾ ಎಂಬ ಕಸುಬುದಾರ ವೆನಿಸ್ಸಿನ ಶಸ್ತ್ರಾಗಾರಕ್ಕೆ 185 ನಳಿಗೆ ಕೊಟ್ಟು 296 ಡುಕಾಟ್ ಪಡೆದ ಲೆಕ್ಕಪತ್ರ ಇಂದಿಗೂ ಉಳಿದಿದೆ. ಸೈನ್ಯಕ್ಕಾಗಿ ಶುರುವಾದ ಕಸುಬು ಅದು. ಆದರೆ ಬೇಟೆಗಾರರು ಇವತ್ತು ಆ ಕಣಿವೆಯ ಹೆಸರು ಹೇಳುವುದು ಶಾಟ್‌ಗನ್‌ಗಾಗಿ, ಅಂದರೆ ಚರೆಕೋವಿಗಾಗಿ. ಬೆಲ್ಜಿಯಮ್ಮಿನ ಲೀಎಜ್, ಸ್ಪೇನಿನ ಐಬಾರ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕೂಡ ಹೀಗೇ ಬೆಳೆದ ಊರುಗಳು.

ಕಾರಣವನ್ನು ನಾನು ಮೊದಲು ನೆಲದಲ್ಲಿ ಹುಡುಕುತ್ತೇನೆ. ರೈಫಲ್ಲಿನ ಒಂಟಿ ಗುಂಡು ಗುರಿ ತಪ್ಪಿದರೆ ಮೂರು ಕಿಲೋಮೀಟರಿನಾಚೆಗೂ ಹೋಗಬಲ್ಲದು. ಹಕ್ಕಿ ಹೊಡೆಯುವ ಸಣ್ಣ ಚರೆ ಸುಮಾರು 300 ಮೀಟರಿನೊಳಗೆ ಶಕ್ತಿ ಕಳೆದುಕೊಂಡು ಉದುರುತ್ತದೆ. ಬೇಲಿಯಾಚೆ ಇನ್ನೊಬ್ಬನ ಹೊಲ, ಅದರಾಚೆ ಚರ್ಚು, ಮೇಯುವ ದನ ಇರುವ ಸೀಮೆಯಲ್ಲಿ ಈ ವ್ಯತ್ಯಾಸ ಜೀವದ ಪ್ರಶ್ನೆ. ಬಯಲಿನ ಬೇಟೆಯಾದರೂ ಯಾವುದು? ಕವುಜುಗ, ಫೆಸೆಂಟ್, ಕಾಡುಬಾತು. ಹಾರುವ ಹಕ್ಕಿಗೆ ಬೇಕಾದದ್ದು ಹರಡಿ ಹೋಗುವ ಚರೆ. ಜಿಂಕೆ, ಬೆಟ್ಟದ ಆಡು ಇರುವ ಆಸ್ಟ್ರಿಯಾ, ಜರ್ಮನಿಯ ಕಾಡುಗಳ ಮಾತು ಬೇರೆ; ಅಲ್ಲಿನ ಫೆರ್ಲಾಕ್ ಮತ್ತು ಸೂಲ್ ಊರುಗಳು ರೈಫಲ್ಲಿಗೆ, ಚರೆ ಮತ್ತು ಗುಂಡು ಎರಡನ್ನೂ ಹಾರಿಸುವ ಮೂರು ನಳಿಗೆಯ ಕೋವಿಗೆ ಹೆಸರಾದವು.

ಹತ್ತೊಂಬತ್ತನೇ ಶತಮಾನದಲ್ಲಿ ಸೈನ್ಯದ ರೈಫಲ್ಲು ಯಂತ್ರಗಳಿರುವ ದೊಡ್ಡ ಕಾರ್ಖಾನೆಗೆ ಹೋಯಿತು. ಚರೆಕೋವಿ ಕೈಕಸುಬಿನವರ ಪಾಲಿಗೆ ಉಳಿಯಿತು. 1830ರ ದಶಕದಲ್ಲಿ ಪ್ಯಾರಿಸ್ಸಿನ ಕಾಸಿಮಿರ್ ಲೆಫೋಷೋ ನಳಿಗೆಯನ್ನು ಬಾಗಿಸಿ ಹಿಂದಿನಿಂದ ತೋಟಾ ತುಂಬುವ ಕೋವಿ ಮಾಡಿದ. 1851ರ ಲಂಡನ್ ಪ್ರದರ್ಶನದಲ್ಲಿ ಅದನ್ನು ನೋಡಿದ ಇಂಗ್ಲಿಷರು ಮುಂದಿನ ಮೂವತ್ತು ವರ್ಷ ಅದನ್ನೇ ತಿದ್ದಿದರು. 1875ರಲ್ಲಿ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ರೂಪಿಸಿದ ಯಂತ್ರಭಾಗದಲ್ಲಿ ಬಿಡಿಭಾಗಗಳು ಎಷ್ಟು ಕಡಿಮೆಯೆಂದರೆ ಯುರೋಪಿನ ಕೋವಿ ಊರುಗಳೆಲ್ಲ ಅದನ್ನು ನಕಲು ಮಾಡಿದವು.

ಮಾದರಿ ಒಂದೇ ಆದರೂ ಕೈ ಬೇರೆ. ಉತ್ತಮ ಕೋವಿ ಮಾಡುವವನು ನಳಿಗೆಯ ಬುಡವನ್ನು ಎಣ್ಣೆದೀಪದ ಹೊಗೆಗೆ ಹಿಡಿದು ಮಸಿ ಕಟ್ಟಿಸುತ್ತಾನೆ. ಜೋಡಿಸಿ, ಮುಚ್ಚಿ, ತೆರೆಯುತ್ತಾನೆ. ಮಸಿ ಎಲ್ಲಿ ಅಂಟಿದೆಯೋ ಅಲ್ಲಿ ಉಬ್ಬಿದೆ ಎಂದರ್ಥ. ಅಲ್ಲಿಗೆ ಮಾತ್ರ ಅರ ತಾಗಿಸುತ್ತಾನೆ. ಮತ್ತೆ ಮಸಿ, ಮತ್ತೆ ಅರ. ಕೊನೆಗೆ ಮಸಿ ಎಲ್ಲ ಕಡೆ ಸಮನಾಗಿ ಕೂರುತ್ತದೆ, ಸಂದಿಯಲ್ಲಿ ಕೂದಲೂ ತೂರುವುದಿಲ್ಲ. ಲಂಡನ್ನಿನ ಪರ್ಡಿ, ಬಾಸ್ ಕೋವಿಗಳಿಗೆ ಅಷ್ಟು ಬೆಲೆ ಬಂದದ್ದು ಈ ತಾಳ್ಮೆಯಿಂದ. ನಮ್ಮವರು ಹೇಳುವ ಹನ್ನೆರಡು ಬೋರಿನ ಲೆಕ್ಕವೂ ಹಳೆಯ ಕಮ್ಮಟದ್ದೇ: ಒಂದು ಪೌಂಡು ಸೀಸವನ್ನು ಹನ್ನೆರಡು ಗುಂಡು ಮಾಡಿದರೆ ಅದರಲ್ಲೊಂದು ನಳಿಗೆಗೆ ಸರಿಹೊಂದಬೇಕು. ಕೊಡಗು, ಮಲೆನಾಡಿನ ಜೋಡಿನಳಿಗೆ ಕೋವಿಗಳೂ ಇದೇ ಲೆಕ್ಕದವು.

ಕಾನೂನೇ ಮುಖ್ಯ ಕಾರಣ ಎನ್ನುವವರಿದ್ದಾರೆ. ಬ್ರಿಟನ್ನಿನ 1968ರ ಕಾಯ್ದೆಯಲ್ಲಿ ರೈಫಲ್ಲಿಗಿಂತ ಚರೆಕೋವಿಯ ಪರವಾನಗಿ ಸುಲಭ ಎಂಬುದು ನಿಜ. ಆದರೆ ನೆಲ ಮೊದಲೇ ತೀರ್ಮಾನಿಸಿದ್ದನ್ನು ಕಾನೂನು ಆಮೇಲೆ ಬರೆದುಕೊಂಡಿತು ಎಂಬುದು ನನ್ನ ನಂಬಿಕೆ.

ಬೇಟೆ ಕುಗ್ಗಿದಾಗ ಕಸುಬನ್ನು ಉಳಿಸಿದ್ದು ಜೇಡಿಯ ಬಿಲ್ಲೆ, ಅಂದರೆ ಗಾಳಿಗೆ ಎಸೆದು ಹೊಡೆಯುವ ಗುರಿ. 1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲೇ ಅದನ್ನು ಹೊಡೆಯುವ ಟ್ರ್ಯಾಪ್ ಸ್ಪರ್ಧೆ ಇತ್ತು. ಬೇಟೆಗಾರ ಇಡೀ ವರ್ಷದಲ್ಲಿ ಸುಡದಷ್ಟು ತೋಟಾ ಸ್ಪರ್ಧಾಳುವಿಗೆ ಕೆಲವೇ ದಿನದ ಅಭ್ಯಾಸಕ್ಕೆ ಬೇಕು. ಆ ಪೆಟ್ಟು ತಾಳುವ ಕೋವಿಯೇ ಬೇರೆ. ಲೀಎಜ್ ಬಳಿಯ ಎಫ್‌ಎನ್ ಕಾರ್ಖಾನೆ 1931ರಲ್ಲಿ ಬ್ರೌನಿಂಗ್ ವಿನ್ಯಾಸದ, ನಳಿಗೆ ಮೇಲೊಂದು ಕೆಳಗೊಂದು ಇರುವ ಕೋವಿಯನ್ನು ಮಾರುಕಟ್ಟೆಗೆ ತಂದಿತು. ಬ್ರೆಶಾ ಸೀಮೆಯ ಪೆರಾಜ್ಜಿ 1968ರ ಮೆಕ್ಸಿಕೊ ಒಲಿಂಪಿಕ್ಸಿಗಾಗಿ ಎಂಎಕ್ಸ್8 ಮಾಡಿತು. 2004ರಲ್ಲಿ ಅಥೆನ್ಸಿನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಭಾರತಕ್ಕೆ ಬೆಳ್ಳಿ ತಂದದ್ದೂ ಚರೆಕೋವಿಯ ಡಬಲ್ ಟ್ರ್ಯಾಪ್‌ನಲ್ಲಿ.

ಈಗ ಸೀಸದ ಸರದಿ. ಜೌಗುನೆಲದಲ್ಲಿ ಬಿದ್ದ ಸೀಸದ ಚರೆಯನ್ನು ಬಾತುಗಳು ಕಲ್ಲೆಂದು ನುಂಗಿ ವಿಷವೇರಿ ಸಾಯುತ್ತವೆ. ಹಾಗಾಗಿ 2023ರ ಫೆಬ್ರವರಿಯಿಂದ ಯುರೋಪಿಯನ್ ಒಕ್ಕೂಟ ಜೌಗುಪ್ರದೇಶದಲ್ಲಿ ಸೀಸದ ಚರೆಯನ್ನು ನಿಷೇಧಿಸಿದೆ. ತಡವಾದರೂ ಸರಿಯಾದ ನಿರ್ಧಾರ. ಬದಲಿಗೆ ಬಂದ ಉಕ್ಕಿನ ಚರೆ ಗಡುಸು, ತೆಳ್ಳನೆಯ ಹಳೆಯ ನಳಿಗೆಗೆ ಒಗ್ಗುವುದಿಲ್ಲ. ಹೆಚ್ಚಿನ ಒತ್ತಡದ ಉಕ್ಕಿನ ತೋಟಾ ತಾಳುವುದೆಂದು ಪರೀಕ್ಷೆ ಗೆದ್ದ ಹೊಸ ನಳಿಗೆಗಳ ಮೇಲೆ ಪುಟ್ಟದೊಂದು ಲಿಲ್ಲಿ ಹೂವಿನ ಮುದ್ರೆ ಒತ್ತುತ್ತಾರೆ.