ಸುಂಕದವನ ಮುಂದೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲವೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆ ಸುಂಕದವನ ಪರವಾಗಿ ಎರಡು ಮಾತು ಹೇಳುವುದು ನನ್ನ ಇಂದಿನ ಉದ್ದೇಶ.

ಹೊಯ್ಸಳರ ರಾಜಧಾನಿ ಘಟ್ಟದ ಮೇಲಿನದು. ಸೇನೆಗೆ ಬೇಕಾದ ಉತ್ತಮ ಕುದುರೆಗಳಾದರೋ ಅರಬಸ್ಥಾನ, ಪಾರಸಿಕ ದೇಶಗಳಿಂದ ಕಡಲು ದಾಟಿ ಬರಬೇಕಾಗಿತ್ತು. 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ತೀರವನ್ನು ಕಂಡ ಮಾರ್ಕೊ ಪೋಲೊ, ಸರಿಯಾದ ಆರೈಕೆಯಿಲ್ಲದೆ ಕುದುರೆಗಳು ಸಾಯುತ್ತಿದ್ದುದರಿಂದ ವರ್ಷವರ್ಷವೂ ಹೊಸವನ್ನು ಕೊಳ್ಳುತ್ತಿದ್ದರೆಂದು ಹೇಳಿದ್ದಾನೆ. ಇಮ್ಮಡಿ ವೀರಬಲ್ಲಾಳನ (1173–1220) ಕಾಲದ, ಅರಸೀಕೆರೆ ಸೀಮೆಯ ಶಾಸನವೊಂದು ಚಟ್ಟಿಸೆಟ್ಟಿಯೆಂಬ ವರ್ತಕನನ್ನು ಹೊಗಳುತ್ತದೆ. ಕುದುರೆ, ಆನೆ, ಮುತ್ತುಗಳನ್ನು ಅವನು ಹಡಗುಗಳಲ್ಲಿ ತರಿಸಿ ಅರಸರಿಗೆ ಮಾರುತ್ತಿದ್ದನಂತೆ.

ಅಂದಿನ ವರ್ತಕರ ದಾರಿಯಲ್ಲಿ ಸುಂಕ ಕಾದಿರುತ್ತಿತ್ತು. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಅದಕ್ಕೆ ಹಲವು ಹೆಸರು; ಎತ್ತಿನ ಹೇರಿಗಿಷ್ಟು, ತಲೆಹೊರೆಗಿಷ್ಟು ಎಂಬ ಲೆಕ್ಕವೂ ಉಂಟು. ತೆತ್ತವನಿಗೆ ಅದು ಭಾರವೇ ಸರಿ. ಆದರೆ ಸುಂಕದ ಹೆಗ್ಗಡೆಗಳು ಆ ಹುಟ್ಟುವಳಿಯಲ್ಲಿ ಒಂದು ಪಾಲನ್ನು ದೇವರ ನಂದಾದೀವಿಗೆಗೆ ಬಿಟ್ಟುಕೊಟ್ಟ ದತ್ತಿಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಆನೆ, ಸಿಂಹ, ಬಳ್ಳಿಗಳ ಸಾಲಿನ ಮೇಲೆ ಕುದುರೆಸವಾರರ ಸಾಲಿದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ಅರಸನನ್ನು ನೆನೆದೆ, ಶಿಲ್ಪಿಯನ್ನು ಹೊಗಳಿದೆ; ಅಷ್ಟಕ್ಕೇ ಪಾಠ ಮುಗಿಸಿದೆ. ಅದು ಅರ್ಧ ಪಾಠವೆಂದು ಈಗ ತೋರುತ್ತದೆ. ಆ ಶಿಲ್ಪಿ ಕಣ್ಣಾರೆ ಕಂಡ ಕುದುರೆಗಳಲ್ಲಿ ಕೆಲವಾದರೂ ಹಡಗಿನಿಂದ ಇಳಿದು, ಘಟ್ಟ ಹತ್ತಿ ಬಂದವಾಗಿರಬೇಕು. ಬೇಲೂರು, ಹಳೇಬೀಡುಗಳಿಗೆ ಹೋದವರು ಅವನ್ನು ತಂದ ವರ್ತಕನನ್ನೂ ಸುಂಕದ ಲೆಕ್ಕ ಬರೆದವನನ್ನೂ ಒಮ್ಮೆ ನೆನೆಯುವುದು ನ್ಯಾಯ.